‘ಚೈಲ್ಡ್ಸ್ ಪ್ಲೇ 2’: ಚಕ್ಕಿ ಗೊಂಬೆಯ ಎರಡನೇ ಭಾಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಂಪು ಕೂದಲು, ಪಟ್ಟೆ ಪಟ್ಟೆ ಅಂಗಿ, ಮೇಲೊಂದು ನೀಲಿ ಡಂಗರಿ, ಕೈಯಲ್ಲಿ ಚಾಕು. ಸಿನಿಮಾ ನೋಡದವರಿಗೂ ಚಕ್ಕಿಯ ಮುಖ ಗೊತ್ತು. ಮೊದಲ ಭಾಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎರಡನೆಯದಕ್ಕೆ ಆ ಭಾಗ್ಯ ಕಡಿಮೆ. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಯಾಕೆ ಅಂತ ಹೇಳುವ ನೆಪದಲ್ಲಿ, ಈ ಸಿನಿಮಾ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಕಥೆಯ ಗುಟ್ಟು ಬಿಟ್ಟುಕೊಡುವ ಕಡೆ ಮೊದಲೇ ಎಚ್ಚರಿಸಿದ್ದೇನೆ.

ಮೊದಲು ಇಷ್ಟು ಹೇಳಿ: ಇದು ಯಾವ ಸಿನಿಮಾ, ಯಾರು ಮಾಡಿದ್ದು?

1990ರ ನವೆಂಬರ್ 9ರಂದು ಅಮೆರಿಕದಲ್ಲಿ ಬಿಡುಗಡೆಯಾದ ಹಾರರ್ ಸಿನಿಮಾ. ಮೊದಲ ಭಾಗ ಬಂದದ್ದೂ ನವೆಂಬರ್ 9ರಂದೇ, 1988ರಲ್ಲಿ. ನಿರ್ದೇಶನ ಜಾನ್ ಲಾಫಿಯಾ. ಕಥೆ, ಚಿತ್ರಕಥೆ ಡಾನ್ ಮಾನ್ಸಿನಿ. ನಿರ್ಮಾಪಕ ಡೇವಿಡ್ ಕರ್ಷ್ನರ್. ಛಾಯಾಗ್ರಹಣ ಸ್ಟೆಫಾನ್ ಚಾಪ್ಸ್ಕಿ, ಸಂಗೀತ ಗ್ರೇಮ್ ರೆವೆಲ್. ಒಟ್ಟು 84 ನಿಮಿಷ. ಊಟ ಮುಗಿಸಿ ಕೂತರೆ ಮಲಗುವ ಹೊತ್ತಿಗೆ ಮುಗಿದಿರುತ್ತದೆ. ನಿದ್ದೆ ಬರುತ್ತದಾ ಅನ್ನುವುದು ಬೇರೆ ಮಾತು.

ಮೊದಲ ಭಾಗವನ್ನು ನಿರ್ದೇಶಿಸಿದ್ದು ಟಾಮ್ ಹಾಲೆಂಡ್. ಲಾಫಿಯಾ ಆಗ ಬರವಣಿಗೆಯಲ್ಲಿ ಪಾಲು ಪಡೆದಿದ್ದವರು. ಎರಡನೆಯದಕ್ಕೆ ನಿರ್ದೇಶಕನ ಕುರ್ಚಿ ಅವರಿಗೆ ಸಿಕ್ಕಿತು.

ಮೊದಲ ಭಾಗ ನೋಡದೆ ಇದನ್ನು ನೋಡಬಹುದಾ?

ನೋಡಬಹುದು. ಇಷ್ಟು ಗೊತ್ತಿದ್ದರೆ ಸಾಕು: ಶಿಕಾಗೋದಲ್ಲಿ ಚಾರ್ಲ್ಸ್ ಲೀ ರೇ ಅಂತ ಒಬ್ಬ ಸರಣಿ ಕೊಲೆಗಾರ. ಪೊಲೀಸರು ಅಟ್ಟಿಸಿಕೊಂಡು ಬಂದು ಗುಂಡು ಹೊಡೆಯುತ್ತಾರೆ. ಸಾಯುವ ಮೊದಲು ಅವನು ಆಟಿಕೆ ಅಂಗಡಿಗೆ ನುಗ್ಗಿ, ಮಂತ್ರ ಹೇಳಿ, ತನ್ನ ಜೀವವನ್ನು ಒಂದು ‘ಗುಡ್ ಗೈ’ ಗೊಂಬೆಗೆ ಸೇರಿಸಿಬಿಡುತ್ತಾನೆ. ಚಕ್ಕಿ ಅನ್ನುವ ಆ ಗೊಂಬೆ ಆರು ವರ್ಷದ ಆಂಡಿ ಬಾರ್ಕ್ಲೇಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತದೆ. ಮುಂದೆ ಹೆಣಗಳು ಬೀಳುತ್ತವೆ, ಅನುಮಾನ ಹುಡುಗನ ಮೇಲೆ ಬರುತ್ತದೆ. ಕೊನೆಗೆ ಗೊಂಬೆಯನ್ನು ಬೆಂಕಿಗೆ ಹಾಕಿ, ಗುಂಡು ಹೊಡೆದು ಮುಗಿಸುತ್ತಾರೆ.

ಆದರೂ ಸಮಯ ಇದ್ದರೆ ಮೊದಲನೆಯದನ್ನು ನೋಡಿಯೇ ಬನ್ನಿ. ಅದು ಬೇರೆ ಥರದ ಸಿನಿಮಾ. ಗೊಂಬೆಗೆ ನಿಜವಾಗಲೂ ಜೀವ ಇದೆಯಾ ಅನ್ನುವುದನ್ನೇ ತುಂಬಾ ಹೊತ್ತು ಮುಚ್ಚಿಡುತ್ತದೆ. ಎರಡನೆಯದರಲ್ಲಿ ಆ ಗುಟ್ಟು ಉಳಿದಿಲ್ಲ. ಆ ಕೊರತೆಯನ್ನೇ ಲಾಭ ಮಾಡಿಕೊಂಡದ್ದು ಇದರ ಜಾಣತನ.

ಸುಟ್ಟು ಕರಕಲಾದ ಗೊಂಬೆ ಮತ್ತೆ ಹೇಗೆ ಬಂತು?

ಕಂಪನಿಯೇ ರಿಪೇರಿ ಮಾಡಿತು. ತಮಾಷೆ ಅಲ್ಲ.

ಗೊಂಬೆ ಕೊಲೆ ಮಾಡಿತು ಅನ್ನುವ ಸುದ್ದಿ ಹಬ್ಬಿ ‘ಪ್ಲೇ ಪಾಲ್ಸ್’ ಅನ್ನುವ ಆಟಿಕೆ ಕಂಪನಿಯ ಹೆಸರು ಕೆಟ್ಟಿರುತ್ತದೆ. ಷೇರುದಾರರಿಗೆ ಸಮಾಧಾನ ಹೇಳಬೇಕು. ಅದಕ್ಕೆ ಆ ಗೊಂಬೆಯನ್ನೇ ತರಿಸಿ, ಬಿಚ್ಚಿ, ಮತ್ತೆ ಜೋಡಿಸಿ, ಇದರಲ್ಲಿ ಏನೂ ದೋಷ ಇಲ್ಲ ಅಂತ ತೋರಿಸಲು ಹೊರಡುತ್ತಾರೆ. ಹೆಸರುಗಳು ತೆರೆಯ ಮೇಲೆ ಬರುವಾಗ ಈ ಕೆಲಸವೇ ನಡೆಯುತ್ತಿರುತ್ತದೆ. ಕರಕಲಾದ ತಲೆಯಿಂದ ಸುಟ್ಟದ್ದನ್ನು ಕೆರೆದು ತೆಗೆಯುತ್ತಾರೆ. ಒಳಗಿನ ಬುರುಡೆಯನ್ನು ತಿಕ್ಕಿ ಹೊಳಪು ಕೊಡುತ್ತಾರೆ. ಹೊಸ ಚರ್ಮ, ಹೊಸ ಕೂದಲು. ಕ್ಯಾಮೆರಾ ಅಲುಗಾಡದೆ, ಎಲ್ಲವನ್ನೂ ತೀರಾ ಹತ್ತಿರದಿಂದ ತೋರಿಸುತ್ತದೆ. ಕೊನೆಗೆ ಕಣ್ಣು ಕೂರಿಸುವ ಯಂತ್ರ ಗೊಂಬೆಯ ಮುಖದ ಮೇಲೆ ಇಳಿಯುತ್ತದೆ. ಕರೆಂಟು ಎಗರಿ ಕೆಲಸಗಾರನೊಬ್ಬ ಅಲ್ಲೇ ಸಾಯುತ್ತಾನೆ. ಕಂಪನಿಯ ಯಜಮಾನ ಸಲಿವನ್, ವಿಷಯ ಹೊರಗೆ ಹೋಗಬಾರದು, ಗೊಂಬೆಯನ್ನು ತೊಲಗಿಸು ಅಂತ ಕೈಕೆಳಗಿನ ಮ್ಯಾಟ್ಸನ್‌ಗೆ ಹೇಳುತ್ತಾನೆ.

ಮಂತ್ರವಾದಿ ಬೇಕಿಲ್ಲ, ಗೋರಿ ಬಿರಿಯಬೇಕಿಲ್ಲ. ಕಂಪನಿಯ ಮಾನ ಉಳಿಸುವ ಗಡಿಬಿಡಿಯಲ್ಲಿ ದೆವ್ವಕ್ಕೆ ಹೊಸ ಮೈ ಸಿಕ್ಕಿತು. ಸೀಕ್ವೆಲ್‌ಗಳಲ್ಲಿ ಸತ್ತವರನ್ನು ಎಬ್ಬಿಸಲು ಬರೆಯುವವರು ಏನೇನೋ ಸರ್ಕಸ್ ಮಾಡುತ್ತಾರೆ. ಇಷ್ಟು ನಂಬುವಂಥ ಕಾರಣ ಸಿಗುವುದು ಅಪರೂಪ.

ಮುಂದಿನ ಕಥೆ ಏನು?

ಎರಡು ವರ್ಷ ಕಳೆದಿದೆ. ಆಂಡಿಗೆ ಈಗ ಎಂಟು. ತಾಯಿ ಜೊತೆಯಲ್ಲಿಲ್ಲ. ‘ಫಾಸ್ಟರ್ ಹೋಮ್’ ಅನ್ನುವ ಸರ್ಕಾರದ ವ್ಯವಸ್ಥೆಯಲ್ಲಿ ಅವನನ್ನು ಫಿಲ್ ಮತ್ತು ಜೋಆನ್ ಸಿಂಪ್ಸನ್ ಅನ್ನುವ ದಂಪತಿಯ ಮನೆಗೆ ಕಳಿಸುತ್ತಾರೆ. ಜೋಆನ್‌ಗೆ ಹುಡುಗನ ಮೇಲೆ ಅಕ್ಕರೆ. ಫಿಲ್‌ಗೆ ಮೊದಲ ದಿನದಿಂದಲೇ ಅಳುಕು. ಅದೇ ಮನೆಯಲ್ಲಿ ಕೈಲ್ ಅನ್ನುವ ಹದಿಹರೆಯದ ಹುಡುಗಿಯೂ ಇದ್ದಾಳೆ. ಹಲವು ಮನೆ ನೋಡಿ ಬಂದವಳು, ಕದ್ದು ಸಿಗರೇಟು ಸೇದುವವಳು, ಯಾರನ್ನೂ ಹಚ್ಚಿಕೊಳ್ಳದವಳು.

ಇತ್ತ ಚಕ್ಕಿ ಮ್ಯಾಟ್ಸನ್‌ನ ಕಾರಿನಲ್ಲಿ ಕೂತಿದ್ದಾನೆ. ಮ್ಯಾಟ್ಸನ್ ಹೆಂಡದ ಬಾಟಲಿ ತರಲು ಅಂಗಡಿಗೆ ಇಳಿದಾಗ, ಕಾರಿನ ಫೋನ್ ಎತ್ತಿ, ತಾನು ಆಂಡಿಯ ಬಂಧು ಅಂತ ಹೇಳಿ ಹುಡುಗನ ವಿಳಾಸ ತೆಗೆದುಕೊಳ್ಳುತ್ತಾನೆ. ಆಮೇಲೆ ಹಿಂದಿನಿಂದ ಪಿಸ್ತೂಲು ತೋರಿಸಿ ಮ್ಯಾಟ್ಸನ್‌ನಿಂದ ಅಲ್ಲಿಗೇ ಕಾರು ಓಡಿಸುತ್ತಾನೆ. ಅದು ನೀರು ಚಿಮ್ಮಿಸುವ ಆಟಿಕೆ ಪಿಸ್ತೂಲು ಅಂತ ಮ್ಯಾಟ್ಸನ್‌ಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಇಡೀ ಸಿನಿಮಾದ ಹದ ಈ ದೃಶ್ಯದಲ್ಲೇ ಸಿಗುತ್ತದೆ. ನಗು ಬರುತ್ತದೆ, ನಕ್ಕದ್ದಕ್ಕೆ ಮರುಕ್ಷಣ ಮುಜುಗರವೂ ಆಗುತ್ತದೆ.

ಅಷ್ಟೆಲ್ಲ ಜನ ಇರುವಾಗ ಚಕ್ಕಿಗೆ ಆಂಡಿಯೇ ಯಾಕೆ ಬೇಕು?

ಮೊದಲ ಭಾಗದಲ್ಲಿ ಹಾಕಿಕೊಟ್ಟ ನಿಯಮ. ಗೊಂಬೆಯ ಮೈಯಿಂದ ಹೊರಬರಬೇಕಾದರೆ, ತಾನು ಯಾರು ಅಂತ ಮೊದಲು ಯಾರಿಗೆ ಬಾಯಿಬಿಟ್ಟನೋ ಅವರ ಮೈಗೇ ಸೇರಬೇಕು. ಅದು ಆಂಡಿ. ಜೊತೆಗೆ ಗಡುವೂ ಇದೆ. ಗೊಂಬೆಯೊಳಗೆ ಜಾಸ್ತಿ ದಿನ ಇದ್ದಷ್ಟೂ ಅದರ ಮೈ ಮನುಷ್ಯನದ್ದಾಗುತ್ತಾ ಹೋಗುತ್ತದೆ, ಆಮೇಲೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಒಂದು ಕಡೆ ಚಕ್ಕಿಯ ಮೂಗಿನಿಂದ ರಕ್ತ ಬಂದಾಗ ಅವನೇ ಬೆಚ್ಚುತ್ತಾನೆ.

ಮಂತ್ರದಲ್ಲಿ ಬರುವ ಡಂಬಾಲ ಹೈಟಿಯ ವೋಡೂ ಧರ್ಮದ ದೇವತೆಯ ಹೆಸರು. ಉಳಿದದ್ದು ಹಾಲಿವುಡ್‌ನ ಕಟ್ಟುಕತೆ. ಆ ಧರ್ಮವನ್ನು ಹೀಗೆ ಮಾಟ ಮಂತ್ರಕ್ಕೆ ಇಳಿಸುವುದು ಆ ಕಾಲದ ಇಂಗ್ಲಿಷ್ ಸಿನಿಮಾಗಳ ಚಟ. ಈಗ ನೋಡುವಾಗ ಅದು ಕಣ್ಣಿಗೆ ಚುಚ್ಚುತ್ತದೆ.

ಆಂಡಿಯ ತಾಯಿಗೆ ಏನಾಯಿತು? ಆ ಪೊಲೀಸ್ ಅಧಿಕಾರಿ ಎಲ್ಲಿ?

ಮೊದಲ ಭಾಗದಲ್ಲಿ ತಾಯಿಯಾಗಿ ಕ್ಯಾಥರೀನ್ ಹಿಕ್ಸ್, ಪೊಲೀಸ್ ಅಧಿಕಾರಿಯಾಗಿ ಕ್ರಿಸ್ ಸರಂಡನ್ ಇದ್ದರು. ಇಬ್ಬರೂ ಇಲ್ಲಿ ಇಲ್ಲ. ತಾಯಿಯ ಬಗ್ಗೆ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: ಮಗ ಹೇಳಿದ್ದು ನಿಜ ಅಂತ ಅವಳೂ ಹೇಳಿದಳು, ಅದಕ್ಕೆ ಅವಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದಾರೆ.

ಸಿನಿಮಾದ ಅತಿ ಕ್ರೂರ ಸಂಗತಿ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ, ಒಂದು ಹನಿ ರಕ್ತ ಇಲ್ಲದಿದ್ದರೂ. ಹುಡುಗನ ಮಾತು ನಂಬಿದ ಒಬ್ಬಳೇ ಒಬ್ಬ ದೊಡ್ಡವಳಿಗೆ ಸಿಕ್ಕ ಬಹುಮಾನ ನೋಡಿ. ಹಾಗಾಗಿ ಹೊಸ ಮನೆಯಲ್ಲಿ ಆಂಡಿ ಬಾಯಿ ಬಿಡಲು ಹೆದರುವುದು ಸಹಜ. ಮೊದಲ ಭಾಗದ ನಟರು ಸಿಗದೆ ಹೋದದ್ದು ಬೇರೆ ಸೀಕ್ವೆಲ್‌ಗಾದರೆ ಪೆಟ್ಟು. ಇಲ್ಲಿ ಅದರಿಂದಲೇ ಕಥೆ ಗಟ್ಟಿಯಾಯಿತು.

‘ಫಾಸ್ಟರ್ ಹೋಮ್’ ಅಂದರೆ ಅನಾಥಾಶ್ರಮವಾ?

ಅಲ್ಲ. ಅಮೆರಿಕದಲ್ಲಿ ಹೆತ್ತವರು ಸಾಕಲಾಗದ ಸ್ಥಿತಿಯಲ್ಲಿದ್ದರೆ ಮಗುವನ್ನು ಅನುಮತಿ ಪಡೆದ ಒಂದು ಕುಟುಂಬದ ಮನೆಯಲ್ಲಿ ಸ್ವಲ್ಪ ಕಾಲ ಇರಿಸುತ್ತಾರೆ. ಖರ್ಚಿಗೆ ಸರ್ಕಾರ ದುಡ್ಡು ಕೊಡುತ್ತದೆ. ದತ್ತು ತೆಗೆದುಕೊಂಡ ಹಾಗಲ್ಲ, ಮಗು ಅಲ್ಲಿ ಇಷ್ಟೇ ದಿನ ಅಂತ ಗ್ಯಾರಂಟಿ ಇಲ್ಲ. ಬೇಡ ಅನ್ನಿಸಿದರೆ ಆ ಮನೆಯವರು ವಾಪಸ್ ಕಳಿಸಬಹುದು.

ಈ ಕೊನೆಯ ಮಾತು ಗೊತ್ತಿದ್ದರೆ ಸಿನಿಮಾ ಬೇರೆ ಥರ ಕಾಣುತ್ತದೆ. ಮನೆಯಲ್ಲಿ ಏನು ಒಡೆದರೂ, ಏನು ಕಳೆದರೂ, ಆಂಡಿ ಮತ್ತು ಕೈಲ್ ಕಡೆಗೇ ಬೆರಳು. ಚಕ್ಕಿ ಆಂಡಿಯನ್ನು ಕೊಲ್ಲಬೇಕಾದದ್ದೂ ಇಲ್ಲ. ಒಂದು ಹೂಜಿ ಒಡೆದು ಸುಮ್ನೆ ಕೂತರೆ ಸಾಕು, ಉಳಿದದ್ದನ್ನು ದೊಡ್ಡವರೇ ಮಾಡುತ್ತಾರೆ. ಶಾಲೆಯಲ್ಲೂ ಅದೇ ಕಥೆ. ಆಂಡಿಯ ಹಾಳೆಯ ಮೇಲೆ ಚಕ್ಕಿ ಕೆಟ್ಟ ಬೈಗುಳ ಗೀಚಿ ಇಡುತ್ತಾನೆ. ಟೀಚರ್ ಮಿಸ್ ಕೆಟಲ್‌ವೆಲ್ ವಿಚಾರಿಸುವ ಗೋಜಿಗೇ ಹೋಗದೆ ಹುಡುಗನನ್ನು ಕ್ಲಾಸಿನಲ್ಲಿ ಕೂಡಿಹಾಕುತ್ತಾಳೆ. ಆಮೇಲೆ ಅವಳ ಗತಿ ಏನಾಗುತ್ತದೆ ಅನ್ನುವುದನ್ನು ನೀವೇ ನೋಡಿ. ಆಟದ ಚೆಂಡಿಗೆ ಗಾಳಿ ತುಂಬುವ ಪಂಪ್ ಮತ್ತು ಅಳತೆ ಕೋಲು ಕಂಡರೆ ಸ್ವಲ್ಪ ದಿನ ಮೈ ಜುಂ ಅನ್ನುತ್ತದೆ.

ಟಾಮಿ ಯಾರು? (ಇಲ್ಲಿಂದ ಕಥೆಯ ಗುಟ್ಟು ಶುರು)

ಸಿಂಪ್ಸನ್ ಮನೆಯಲ್ಲಿ ಮೊದಲೇ ಇದ್ದ ಇನ್ನೊಂದು ಗುಡ್ ಗೈ ಗೊಂಬೆ. ಅದರ ಹೆಸರು ಟಾಮಿ. ಮುಖ, ಬಟ್ಟೆ, ಎಲ್ಲ ಚಕ್ಕಿಯ ಹಾಗೇ. ಯಂತ್ರದಲ್ಲಿ ಒಂದೇ ಅಚ್ಚಿನಿಂದ ಬಂದ ಮಾಲು, ವ್ಯತ್ಯಾಸ ಎಲ್ಲಿಂದ ಬರಬೇಕು?

ಚಕ್ಕಿ ಮನೆಗೆ ನುಗ್ಗಿ, ಜೋಆನ್ ಜೋಪಾನ ಮಾಡಿದ್ದ ಹಳೆಯ ಪಿಂಗಾಣಿ ಪ್ರತಿಮೆಯಿಂದಲೇ ಟಾಮಿಯ ಮುಖ ಜಜ್ಜುತ್ತಾನೆ. ಹಿತ್ತಲಿನಲ್ಲಿ ಹೂಳಿ ಅವನ ಜಾಗದಲ್ಲಿ ತಾನು ಕೂರುತ್ತಾನೆ. ಪ್ರತಿಮೆ ಒಡೆದದ್ದಕ್ಕೆ ಬೈಸಿಕೊಳ್ಳುವವರು ಮಕ್ಕಳು. ಮುಂದೆ ಫಿಲ್ ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಸಾಯುತ್ತಾನೆ, ಅದಕ್ಕೂ ಆಂಡಿಯೇ ಕಾರಣ ಅಂತಾಗುತ್ತದೆ, ಅವನನ್ನು ವಾಪಸ್ ಕಳಿಸುತ್ತಾರೆ. ಕೈಲ್ ಗೊಂಬೆಯನ್ನು ಕಸದ ತೊಟ್ಟಿಗೆ ಎಸೆದು, ಹಿತ್ತಲಿನ ಉಯ್ಯಾಲೆಯ ಮೇಲೆ ಕೂತು ಸಿಗರೇಟು ಹಚ್ಚುತ್ತಾಳೆ. ಕಾಲು ನೆಲಕ್ಕೆ ತಾಗಿ ತಾಗಿ ಮಣ್ಣು ಸರಿಯುತ್ತದೆ. ಮಣ್ಣಿನೊಳಗಿಂದ ಗೊಂಬೆಯ ಒಡೆದ ಮುಖ ಮೇಲೆ ಬರುತ್ತದೆ.

ಯಾರೂ ಕಿರುಚುವುದಿಲ್ಲ, ಸಂಗೀತವೂ ದಡಬಡ ಅನ್ನುವುದಿಲ್ಲ. ಟಾಮಿ ಇಲ್ಲಿದ್ದರೆ, ಕಸದ ತೊಟ್ಟಿಗೆ ಎಸೆದದ್ದು ಯಾರನ್ನು? ಈ ಲೆಕ್ಕ ಕೈಲ್‌ನ ತಲೆಯಲ್ಲಿ ಓಡುವುದು ನಮಗೆ ಕಾಣುತ್ತದೆ. ಅವಳು ಓಡಿ ಹೋಗಿ ತೊಟ್ಟಿ ನೋಡುತ್ತಾಳೆ. ಖಾಲಿ. ಆಂಡಿ ಹೇಳಿದ್ದು ನಿಜ ಅಂತ ಒಬ್ಬರಿಗಾದರೂ ಗೊತ್ತಾಗುವುದು ಆಗ, ಮೊದಲಾರ್ಧ ಎಂದೋ ದಾಟಿದ ಮೇಲೆ. ಈ ಒಂದು ದೃಶ್ಯಕ್ಕೇ ನಾನು ಸಿನಿಮಾಗೆ ಅರ್ಧ ಅಂಕ ಕೊಡುತ್ತೇನೆ.

ಗೊಂಬೆಯನ್ನು ಅಲ್ಲಾಡಿಸಿದ್ದು ಹೇಗೆ? ಗ್ರಾಫಿಕ್ಸಾ?

ಗ್ರಾಫಿಕ್ಸ್ ಅಲ್ಲ. ಕಂಪ್ಯೂಟರ್‌ನಲ್ಲಿ ಪಾತ್ರ ಸೃಷ್ಟಿಸುವ ಕಾಲ ಇನ್ನೂ ಬಂದಿರಲಿಲ್ಲ. ನಿಮ್ಮ ಕಣ್ಣಿಗೆ ಕಾಣುವ ಚಕ್ಕಿ ಸೆಟ್ಟಿನಲ್ಲಿ ಇದ್ದ ವಸ್ತು.

ಗೊಂಬೆಯ ರೂಪದ ಮೊದಲ ಚಿತ್ರಗಳನ್ನು ಬರೆದವರು ನಿರ್ಮಾಪಕ ಕರ್ಷ್ನರ್. ಅದಕ್ಕೆ ಮೈ ಕೊಟ್ಟು, ಮುಖ ಕುಣಿಸಿದ್ದು ಕೆವಿನ್ ಯಾಗರ್ ಮತ್ತು ಅವರ ತಂಡ. ಒಂದೇ ಗೊಂಬೆ ಅಂದುಕೊಳ್ಳಬೇಡಿ. ಸುಮ್ಮನೆ ಕೂರುವುದಕ್ಕೆ ಒಂದು, ಕೈ ಬೀಸುವುದಕ್ಕೆ ಒಂದು, ಮಾತಾಡುವುದಕ್ಕೆ ಒಂದು, ಹೀಗೆ ಹಲವು. ಮಾತಾಡುವ ತಲೆಯೊಳಗೆ ಸಣ್ಣ ಸಣ್ಣ ಮೋಟಾರುಗಳು. ಹುಬ್ಬು, ಕಣ್ಣು, ತುಟಿ ಎಲ್ಲವನ್ನೂ ದೂರದಿಂದ ರಿಮೋಟಿನಲ್ಲಿ ಆಡಿಸುತ್ತಿದ್ದರು. ಒಂದು ಗೊಂಬೆಗೆ ಹಲವು ಜನ, ಒಬ್ಬೊಬ್ಬರಿಗೆ ಮುಖದ ಒಂದೊಂದು ಭಾಗ. ಯಕ್ಷಗಾನದ ಸೂತ್ರದ ಬೊಂಬೆಯಾಟ ನೋಡಿದವರಿಗೆ ಇದರ ಕಷ್ಟ ಗೊತ್ತಾಗುತ್ತದೆ. ಅಲ್ಲಿ ಒಂದು ಬೊಂಬೆಗೆ ಒಬ್ಬ ಕಲಾವಿದ ಸಾಕು. ಇಲ್ಲಿ ಹಲವರ ಕೈಗಳು ಒಂದೇ ಸಿಟ್ಟನ್ನು ಒಂದೇ ಕ್ಷಣಕ್ಕೆ ತೋರಿಸಬೇಕು.

ಗೊಂಬೆ ಎದ್ದು ಓಡುವ ಕೆಲವು ಕಡೆ ಅದೇ ವೇಷ ಹಾಕಿದ ಎಡ್ ಗೇಲ್ ಅನ್ನುವ ಕುಳ್ಳ ನಟ ಇದ್ದಾರೆ. ಮುಂದಿನ ಸಲ ನೋಡುವಾಗ ಯಾವುದು ಯಂತ್ರ, ಯಾವುದು ಮನುಷ್ಯ ಅಂತ ಹುಡುಕಿ. ಸುಲಭಕ್ಕೆ ಸಿಗುವುದಿಲ್ಲ.

ಸಣ್ಣದೊಂದು ಹರಟೆ: ಮೊದಲ ಭಾಗದ ಶೂಟಿಂಗ್‌ನಲ್ಲಿ ಪರಿಚಯವಾದ ಕೆವಿನ್ ಯಾಗರ್ ಮತ್ತು ಕ್ಯಾಥರೀನ್ ಹಿಕ್ಸ್ ಆಮೇಲೆ ಮದುವೆಯಾದರು. ಚಕ್ಕಿಯಿಂದ ಒಂದಾದರೂ ಒಳ್ಳೆಯ ಕೆಲಸ ಆಯಿತು.

ಚಕ್ಕಿಯ ದನಿ ಯಾರದ್ದು?

ಬ್ರಾಡ್ ಡೂರಿಫ್. ಮೊದಲ ಭಾಗದ ಶುರುವಿನಲ್ಲಿ ಸಾಯುವ ಚಾರ್ಲ್ಸ್ ಲೀ ರೇ ಕೂಡ ಅವರೇ. 1975ರಲ್ಲಿ ಬಂದ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ಸಿನಿಮಾದ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದವರು. ಅಂಥ ನಟ ಗೊಂಬೆಯ ದನಿಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಈ ಸರಣಿಯೇ ಸಾಕ್ಷಿ.

ದನಿಯನ್ನು ಮೊದಲು ರೆಕಾರ್ಡ್ ಮಾಡಿ, ಸೆಟ್ಟಿನಲ್ಲಿ ಅದನ್ನು ಹಾಕಿ, ಅದಕ್ಕೆ ತಕ್ಕಂತೆ ಗೊಂಬೆಯ ತುಟಿ ಆಡಿಸುತ್ತಿದ್ದರು. ನಮ್ಮಲ್ಲಿ ಹಾಡಿಗೆ ತುಟಿ ಸೇರಿಸುವ ಕ್ರಮವೇ. ಮೊದಲ ಭಾಗದಲ್ಲಿ ಚಕ್ಕಿ ಮಾತಾಡುವುದು ಕಡಿಮೆ. ಇಲ್ಲಿ ಗೊಣಗುತ್ತಾನೆ, ಬೈಯುತ್ತಾನೆ, ಏದುಸಿರು ಬಿಡುತ್ತಾನೆ. ಮಕ್ಕಳ ಗೊಂಬೆಯ ಸಿಹಿ ದನಿಯಿಂದ ಪುಡಿರೌಡಿಯ ದನಿಗೆ ಒಂದೇ ಉಸಿರಿನಲ್ಲಿ ಜಾರುವುದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಚಾರ್ಲ್ಸ್ ಲೀ ರೇ ಅನ್ನುವ ಹೆಸರು ಎಲ್ಲಿಂದ ಬಂತು?

ಅಮೆರಿಕದ ಮೂವರು ಕುಖ್ಯಾತರ ಹೆಸರುಗಳ ಜೋಡಣೆ: ಕೊಲೆಗಡುಕ ಪಂಥದ ನಾಯಕ ಚಾರ್ಲ್ಸ್ ಮ್ಯಾನ್ಸನ್, ಕೆನಡಿಯನ್ನು ಕೊಂದ ಲೀ ಹಾರ್ವೀ ಆಸ್ವಾಲ್ಡ್, ಮಾರ್ಟಿನ್ ಲೂಥರ್ ಕಿಂಗ್‌ರನ್ನು ಕೊಂದ ಜೇಮ್ಸ್ ಅರ್ಲ್ ರೇ.

ಇದು ನಿಜವಾಗಿ ನಡೆದ ಘಟನೆಯಂತೆ, ಹೌದಾ?

ವಾಟ್ಸಾಪ್‌ನಲ್ಲಿ ಓಡಾಡುವ ಕಥೆ ಇದು. ಫ್ಲಾರಿಡಾದ ಕೀ ವೆಸ್ಟ್ ಊರಿನ ಒಂದು ಮ್ಯೂಸಿಯಂನಲ್ಲಿ ‘ರಾಬರ್ಟ್’ ಅನ್ನುವ ಹಳೆಯ ಗೊಂಬೆ ಇದೆ. ಅದಕ್ಕೆ ಶಾಪ ಇದೆ ಅಂತ ಜನ ಹೇಳುತ್ತಾರೆ, ಕ್ಷಮೆ ಕೇಳಿ ಪತ್ರ ಬರೆಯುವವರೂ ಇದ್ದಾರೆ. ಚಕ್ಕಿಗೆ ಅದೇ ಮೂಲ ಅಂತ ಎಷ್ಟೋ ಕಡೆ ಬರೆದಿದ್ದಾರೆ.

ಆದರೆ ಮಾನ್ಸಿನಿ ಸ್ವತಃ ಹೇಳುತ್ತಾ ಬಂದಿರುವ ಮೂಲ ಬೇರೆ, ನನಗೆ ಅದೇ ಹೆಚ್ಚು ಭಯ ಹುಟ್ಟಿಸುತ್ತದೆ. 1983ರ ಕ್ರಿಸ್‌ಮಸ್ ಸಮಯದಲ್ಲಿ ಅಮೆರಿಕದಲ್ಲಿ ‘ಕ್ಯಾಬೇಜ್ ಪ್ಯಾಚ್’ ಗೊಂಬೆಗಳಿಗೆ ಹುಚ್ಚು ಹಿಡಿದಿತ್ತು. ಅಂಗಡಿಗಳಲ್ಲಿ ಅಪ್ಪ ಅಮ್ಮಂದಿರು ಒಬ್ಬರನ್ನೊಬ್ಬರು ತಳ್ಳಾಡಿ ಕಿತ್ತಾಡಿದರು. ಆಗಿನ ಕಾಲೇಜು ವಿದ್ಯಾರ್ಥಿ ಮಾನ್ಸಿನಿಗೆ, ಮಕ್ಕಳ ತಲೆಗೆ ಜಾಹೀರಾತು ತುಂಬುವ ಈ ವ್ಯಾಪಾರದ ಬಗ್ಗೆ ಬರೆಯಬೇಕು ಅನ್ನಿಸಿತು. ಅವರ ಮೊದಲ ಕರಡಿನಲ್ಲಿ ಕೊಲೆಗಾರನ ಆತ್ಮವೇ ಇರಲಿಲ್ಲ. ಹುಡುಗನೊಳಗಿನ ಸಿಟ್ಟೇ ಗೊಂಬೆಯಾಗಿ ಎದ್ದು ಬರುತ್ತಿತ್ತು. ಆತ್ಮ, ಮಂತ್ರ ಎಲ್ಲ ಆಮೇಲೆ ಸೇರಿದ್ದು.

ಹಾಗಾಗಿ ಎರಡನೇ ಭಾಗದಲ್ಲಿ ಕಂಪನಿ, ಷೇರು, ಫ್ಯಾಕ್ಟರಿ ಬಂದದ್ದು ಎಲ್ಲಿಂದಲೋ ತಂದು ಅಂಟಿಸಿದ್ದಲ್ಲ. ಮಾನ್ಸಿನಿ ಮೊದಲು ಹೇಳಲು ಹೊರಟ ಮಾತಿನ ಹತ್ತಿರಕ್ಕೆ ಇಲ್ಲಿ ವಾಪಸ್ ಬಂದಿದ್ದಾರೆ.

ಕ್ಲೈಮ್ಯಾಕ್ಸ್ ಬಗ್ಗೆ ಅಷ್ಟು ಹೊಗಳುತ್ತಾರಲ್ಲ, ಅಂಥದ್ದೇನಿದೆ? (ಪೂರ್ತಿ ಗುಟ್ಟು)

ಕೊನೆಯ ಭಾಗ ನಡೆಯುವುದು ಗುಡ್ ಗೈ ಗೊಂಬೆಗಳ ಫ್ಯಾಕ್ಟರಿಯಲ್ಲಿ. ಒಳಗೆ ಡಬ್ಬಿಗಳನ್ನು ಗೋಡೆಯಷ್ಟು ಎತ್ತರಕ್ಕೆ ಜೋಡಿಸಿದ್ದಾರೆ, ಅವುಗಳ ನಡುವೆ ಓಣಿ. ಎಲ್ಲಿ ತಿರುಗಿದರೂ ಅದೇ ಮುಖ, ಅದೇ ನಗು. ಇಷ್ಟು ಹೊತ್ತು ಒಂದು ಗೊಂಬೆಗೆ ಹೆದರಿದವರನ್ನು ಸಾವಿರಾರು ಗೊಂಬೆಗಳ ಮಧ್ಯೆ ತಂದು ಬಿಟ್ಟ ಹಾಗೆ. ಕತ್ತಲು ಇಲ್ಲ, ಮಂಜು ಇಲ್ಲ. ಬಣ್ಣ ಬಣ್ಣದ ಆಟಿಕೆ ಅಂಗಡಿಯ ಬೆಳಕಿನಲ್ಲೇ ಹೆದರಿಸುತ್ತಾರೆ.

ಚಕ್ಕಿ ಮಂತ್ರ ಹೇಳುತ್ತಾನೆ, ಕೆಲಸ ಮಾಡುವುದಿಲ್ಲ. ಗಡುವು ಮುಗಿದಿದೆ, ಇನ್ನು ಗೊಂಬೆಯೊಳಗೇ ಜೀವನ. ಅಲ್ಲಿಂದ ಮುಂದೆ ಅವನಿಗೆ ಬೇರೆ ಗುರಿ ಇಲ್ಲ, ಬರೀ ಸೇಡು. ಕೈ ಸಿಕ್ಕಿಹಾಕಿಕೊಂಡಾಗ ತಾನೇ ಅದನ್ನು ಕಿತ್ತುಕೊಂಡು, ಮೊಂಡು ಕೈಗೆ ಚಾಕುವಿನ ಅಲಗು ಚುಚ್ಚಿಕೊಳ್ಳುತ್ತಾನೆ. ಆಮೇಲೆ ನಡೆಯುವುದು ನೋಡಿ: ಗೊಂಬೆಗೆ ಕೈಕಾಲು ಜೋಡಿಸುವ ಯಂತ್ರದೊಳಗೆ ಸಿಕ್ಕು ಅವನಿಗೆ ಬೇಡದ ಕಡೆಯೆಲ್ಲ ಕೈಕಾಲು ಅಂಟುತ್ತವೆ. ಕೆಳಗಿನ ಅರ್ಧ ಕತ್ತರಿಸಿಕೊಂಡು ತೆವಳಿ ಬರುತ್ತಾನೆ. ಮೇಲೆ ಕುದಿಯುವ ಪ್ಲಾಸ್ಟಿಕ್ ಸುರಿಯುತ್ತದೆ. ಸತ್ತ ಅಂದುಕೊಂಡಾಗ ಮತ್ತೆ ಏಳುತ್ತಾನೆ. ಕೈಲ್ ಅವನ ಬಾಯಿಗೆ ಗಾಳಿಯ ಪೈಪ್ ತುರುಕುತ್ತಾಳೆ, ತಲೆ ಬಲೂನಿನಂತೆ ಉಬ್ಬಿ ಢಮ್ ಅನ್ನುತ್ತದೆ.

ಶುರುವಿನಲ್ಲಿ ಯಂತ್ರ ಅವನನ್ನು ಹೇಗೆ ಕಟ್ಟಿತೋ ಕೊನೆಗೆ ಯಂತ್ರವೇ ಹಾಗೆ ಬಿಚ್ಚುತ್ತದೆ. ಕಣ್ಣು ಕೂರಿಸುವ ಯಂತ್ರವೂ ಮತ್ತೆ ಬರುತ್ತದೆ, ಈ ಸಲ ಕೆಳಗೆ ಸಿಗುವುದು ಪಾಪದ ಒಬ್ಬ ಕೆಲಸಗಾರ. ಹೊಟ್ಟೆ ತುಂಬಿದಾಗ ಈ ಭಾಗ ನೋಡದಿದ್ದರೆ ಒಳ್ಳೆಯದು.

ಹೊರಗೆ ಬಂದ ಮೇಲೆ ಇಬ್ಬರು ಮಕ್ಕಳಿಗೂ ಹೋಗಲು ಮನೆ ಇಲ್ಲ. ಅದನ್ನು ಸಿನಿಮಾ ಮುಚ್ಚಿಡುವುದಿಲ್ಲ. ಎಲ್ಲಿಗೆ ಹೋಗೋಣ ಅಂತ ಆಂಡಿ ಕೇಳಿದರೆ ಕೈಲ್ ಹತ್ತಿರ ಸರಿಯಾದ ಉತ್ತರ ಇಲ್ಲ. ಪೊಲೀಸ್ ಜೀಪು ಬಂದು ಕಂಬಳಿ ಹೊದಿಸುವ ಮಾಮೂಲಿ ಮುಕ್ತಾಯ ಇಲ್ಲಿಲ್ಲ.

ನಟನೆ ಹೇಗಿದೆ?

ಆಂಡಿಯಾಗಿ ಅಲೆಕ್ಸ್ ವಿನ್ಸೆಂಟ್ ಮತ್ತೆ ಬಂದಿದ್ದಾನೆ. ಮುದ್ದು ಮುಖದ ಹುಡುಗ, ಆದರೆ ಕಣ್ಣಲ್ಲಿ ದಣಿವು. ಕೈಲ್ ಪಾತ್ರದ ಕ್ರಿಸ್ಟೀನ್ ಎಲೀಸ್ ಸಿನಿಮಾದ ಬೆನ್ನೆಲುಬು. ಜೋಆನ್ ಆಗಿ ಬ್ರಿಟಿಷ್ ನಟಿ ಜೆನ್ನಿ ಅಗಟರ್, ಫಿಲ್ ಆಗಿ ಗೆರಿಟ್ ಗ್ರಹಾಂ, ಮಕ್ಕಳನ್ನು ಇಂಥ ಮನೆಗಳಿಗೆ ಕಳಿಸುವ ಸಂಸ್ಥೆಯ ಅಧಿಕಾರಿ ಗ್ರೇಸ್ ಆಗಿ ಗ್ರೇಸ್ ಜಬ್ರಿಸ್ಕಿ. ಫಿಲ್ ಕೆಟ್ಟವನಲ್ಲ, ಅದು ನನಗೆ ಇಷ್ಟ. ಅವನ ಜಾಗದಲ್ಲಿ ನಾವಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆವು, ಅಲ್ವಾ? ಗೊಂಬೆ ಕೊಲೆ ಮಾಡಿತು ಅಂತ ಎಂಟು ವರ್ಷದ ಹುಡುಗ ಹೇಳಿದರೆ ಯಾರು ನಂಬುತ್ತಾರೆ?

ಎಲೀಸ್ ಮತ್ತು ವಿನ್ಸೆಂಟ್ ಇಬ್ಬರೂ ದೊಡ್ಡವರಾದ ಮೇಲೆ ಅದೇ ಪಾತ್ರಗಳಲ್ಲಿ ‘ಚಕ್ಕಿ’ ಟಿವಿ ಸರಣಿಗೆ ವಾಪಸ್ ಬಂದರು. ಎರಡನೇ ಭಾಗ ಇಷ್ಟಪಟ್ಟವರಿಗೆ ಅದು ಒಳ್ಳೆಯ ಉಡುಗೊರೆ.

ದುಡ್ಡು ಮಾಡಿತಾ?

ಮಾಡಿತು. ಸುಮಾರು 1.3 ಕೋಟಿ ಡಾಲರ್ ಬಜೆಟ್. ಅಮೆರಿಕದಲ್ಲಿ ಮೊದಲ ವಾರಾಂತ್ಯದಲ್ಲಿ 1 ಕೋಟಿ ಡಾಲರ್ ದಾಟಿ ಮೊದಲ ಸ್ಥಾನಕ್ಕೆ ಬಂತು. ಅಲ್ಲಿನ ಒಟ್ಟು ಗಳಿಕೆ ಸುಮಾರು 2.85 ಕೋಟಿ ಡಾಲರ್. ಮುಂದಿನ ವಾರ, ನವೆಂಬರ್ 16ಕ್ಕೆ ‘ಹೋಮ್ ಅಲೋನ್’ ಬಂತು, ಆಮೇಲೆ ಯಾರಿಗೂ ಜಾಗ ಉಳಿಯಲಿಲ್ಲ. ಅದೂ ದೊಡ್ಡವರಿಲ್ಲದ ಮನೆಯಲ್ಲಿ ಒಬ್ಬ ಹುಡುಗ ದುಷ್ಟರನ್ನು ಎದುರಿಸುವ ಕಥೆಯೇ. ಒಂದು ವಾರದ ಅಂತರದಲ್ಲಿ ಒಂದೇ ಭಯಕ್ಕೆ ಎರಡು ಮುಖ.

ಮೊದಲ ಭಾಗದ ಸ್ಟುಡಿಯೋ ಬೇರೆ, ಇದರದ್ದು ಬೇರೆ. ಯಾಕೆ?

ಮೊದಲನೆಯದನ್ನು ಬಿಡುಗಡೆ ಮಾಡಿದ್ದು ಎಂಜಿಎಂ ಬಳಗದ ಯುನೈಟೆಡ್ ಆರ್ಟಿಸ್ಟ್ಸ್. ಎರಡನೆಯದಕ್ಕೆ ತಯಾರಿ ನಡೆಯುತ್ತಿದ್ದಾಗ ಆ ಸಂಸ್ಥೆ ಆಸ್ಟ್ರೇಲಿಯಾದ ಕ್ವಿಂಟೆಕ್ಸ್ ಕಂಪನಿಯ ಕೈಗೆ ಹೋಗುವ ಮಾತುಕತೆ ಎದ್ದಿತು. ಕೊಳ್ಳಲು ಬಂದವರಿಗೆ ಹಾರರ್ ಸಿನಿಮಾ ಬೇಡವಾಗಿತ್ತು. ಹಕ್ಕು ಕೈಬದಲಾಗಿ ಯೂನಿವರ್ಸಲ್‌ಗೆ ಬಂತು. ಅಂದಿನಿಂದ ಮುಂದಿನ ಭಾಗಗಳೆಲ್ಲ ಯೂನಿವರ್ಸಲ್‌ನದ್ದೇ.

ಮೊದಲ ಸಿನಿಮಾದ ಹಕ್ಕು ಮಾತ್ರ ಎಂಜಿಎಂ ಹತ್ತಿರವೇ ಉಳಿಯಿತು. ಅದಕ್ಕೇ 2019ರಲ್ಲಿ ಅವರು ‘ಚೈಲ್ಡ್ಸ್ ಪ್ಲೇ’ ರೀಮೇಕ್ ಮಾಡಿದರು. ಅದರಲ್ಲಿ ಆತ್ಮ ಇಲ್ಲ, ಹದಗೆಟ್ಟ ಸ್ಮಾರ್ಟ್ ಗೊಂಬೆ. ದನಿ ಮಾರ್ಕ್ ಹ್ಯಾಮಿಲ್. ಮಾನ್ಸಿನಿಗೂ ಡೂರಿಫ್‌ಗೂ ಅದಕ್ಕೂ ಸಂಬಂಧ ಇಲ್ಲ. ಮೂಲ ಸರಣಿ ಮತ್ತು ರೀಮೇಕ್ ಎರಡೂ ಒಟ್ಟಿಗೆ ಚಾಲ್ತಿಯಲ್ಲಿದ್ದ ಗೊಂದಲಕ್ಕೆ ಕಾರಣ ಇಷ್ಟೇ.

ನಮ್ಮ ದೇಶದಲ್ಲಿ ಇದರ ರೀಮೇಕ್ ಬಂದಿದೆಯಾ?

ಮೊದಲ ಭಾಗದ ಕಥೆ ಎತ್ತಿಕೊಂಡು 1996ರಲ್ಲಿ ಹಿಂದಿಯಲ್ಲಿ ‘ಪಾಪಿ ಗುಡಿಯಾ’ ಬಂತು. ಲಾರೆನ್ಸ್ ಡಿಸೋಜಾ ನಿರ್ದೇಶನ, ಕರಿಷ್ಮಾ ಕಪೂರ್ ನಾಯಕಿ, ಗೊಂಬೆಯೊಳಗೆ ಸೇರುವ ದುಷ್ಟನಾಗಿ ನಟ ಶಕ್ತಿ ಕಪೂರ್. ಹಾಡುಗಳೂ ಉಂಟು. ಹೆದರಬೇಕು ಅಂತ ನೋಡಿದರೆ ಮೋಸ ಹೋಗುತ್ತೀರಿ, ಗೆಳೆಯರ ಜೊತೆ ಕೂತು ನಗುವುದಾದರೆ ದುಡ್ಡು ವಸೂಲ್. ಎರಡನೇ ಭಾಗದ ಫಾಸ್ಟರ್ ಹೋಮ್ ಕಥೆಯನ್ನು ನಮ್ಮ ನೆಲಕ್ಕೆ ತರುವುದು ಕಷ್ಟ. ಇಲ್ಲಿ ಆಂಡಿಯನ್ನು ಅಜ್ಜಿಯೋ ಸೋದರಮಾವನೋ ಕರೆದುಕೊಂಡು ಹೋಗಿಬಿಡುತ್ತಿದ್ದರು.

ಮಕ್ಕಳಿಗೆ ತೋರಿಸಬಹುದಾ?

ಬೇಡ. ಅಮೆರಿಕದಲ್ಲಿ ಇದಕ್ಕೆ ‘ಆರ್’ ದರ್ಜೆ ಕೊಟ್ಟಿದ್ದಾರೆ, ಅಂದರೆ 17 ತುಂಬದವರು ದೊಡ್ಡವರ ಜೊತೆ ಮಾತ್ರ ನೋಡಬೇಕು. ರಕ್ತಕ್ಕಿಂತ ಬೈಗುಳ ಜಾಸ್ತಿ ಅಂತ ಕೆಲವರು ಹೇಳುತ್ತಾರೆ. ನನ್ನ ತಕರಾರು ಅದಲ್ಲ. ತಾನು ಹೇಳಿದ್ದನ್ನು ಯಾರೂ ನಂಬುವುದಿಲ್ಲ ಅನ್ನುವ ಭಯ ಸಣ್ಣ ಮಕ್ಕಳಿಗೆ ಚೆನ್ನಾಗಿ ಗೊತ್ತು, ಈ ಸಿನಿಮಾ ನೇರವಾಗಿ ಅಲ್ಲಿಗೇ ಕೈ ಹಾಕುತ್ತದೆ. ಮನೆಯಲ್ಲಿ ಗೊಂಬೆಗಳಿದ್ದರಂತೂ ರಾತ್ರಿ ಎಲ್ಲರಿಗೂ ಜಾಗರಣೆ.

ಬ್ರಿಟನ್ನಿನಲ್ಲಿ ಈ ಸಿನಿಮಾದಿಂದ ಕೊಲೆ ನಡೆಯಿತಂತೆ?

ಹೆಸರು ಕೇಳಿಬಂದದ್ದು ಇದರದ್ದಲ್ಲ, ಮೂರನೇ ಭಾಗದ್ದು. 1993ರಲ್ಲಿ ಲಿವರ್‌ಪೂಲ್ ಹತ್ತಿರ ಇಬ್ಬರು ಹುಡುಗರು ಒಂದು ಪುಟ್ಟ ಮಗುವನ್ನು ಕೊಂದರು. ಹಿಂಸೆಯ ವಿಡಿಯೋಗಳ ಪ್ರಭಾವ ಇರಬಹುದು ಅಂತ ನ್ಯಾಯಾಧೀಶರು ಹೇಳಿದರು. ಪತ್ರಿಕೆಗಳು ‘ಚೈಲ್ಡ್ಸ್ ಪ್ಲೇ 3’ರ ಹೆಸರು ಹಿಡಿದು ಕೂಗಿದವು. ಆ ಹುಡುಗರು ಸಿನಿಮಾ ನೋಡಿದ್ದರು ಅನ್ನುವುದಕ್ಕೆ ಪೊಲೀಸರಿಗೆ ಪುರಾವೆ ಸಿಗಲಿಲ್ಲ. ಆದರೂ ಕಥೆ ಇವತ್ತಿಗೂ ಓಡುತ್ತಿದೆ.

ಅನಾಬೆಲ್, ಮೇಗನ್ ಅನ್ನುವ ಗೊಂಬೆ ಸಿನಿಮಾಗಳಿಗೆ ಹೋಲಿಸಿದರೆ?

ಅನಾಬೆಲ್ ಅಲುಗಾಡುವುದಿಲ್ಲ, ಸುತ್ತಲಿನದ್ದೆಲ್ಲ ಅಲುಗಾಡುತ್ತದೆ. ಮೇಗನ್ ರೋಬೋಟ್. ಅದರ 2025ರ ಎರಡನೇ ಭಾಗ ಹಾರರ್ ಬಿಟ್ಟು ಆಕ್ಷನ್ ಕಡೆ ಹೊರಳಿತು, ಥಿಯೇಟರ್‌ನಲ್ಲಿ ಮೊದಲನೆಯದರಷ್ಟು ಓಡಲಿಲ್ಲ. ಗೊಂಬೆ ಸಿನಿಮಾಗಳ ಎರಡನೇ ಭಾಗಕ್ಕೆ ಇರುವ ತೊಂದರೆಯೇ ಇದು. ಗುಟ್ಟು ಒಡೆದುಹೋಗಿದೆ, ಇನ್ನೇನು ತೋರಿಸುವುದು? ಮೇಗನ್ ಪ್ರಕಾರವನ್ನೇ ಬದಲಾಯಿಸಿ ನೋಡಿತು. ‘ಚೈಲ್ಡ್ಸ್ ಪ್ಲೇ 2’ ಜಾಗ ಬದಲಾಯಿಸಿತು. ಗೊಂಬೆಗೆ ಜೀವ ಇದೆ ಅಂತ ನಮಗೆ ಗೊತ್ತು, ಆಂಡಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಅಷ್ಟರ ಮೇಲೇ ಒಂದೂಕಾಲು ಗಂಟೆ ಎಳೆದೊಯ್ಯುತ್ತದೆ.

ಹಾಗಾದರೆ ಮೊದಲನೆಯದಕ್ಕಿಂತ ಇದೇ ಚೆನ್ನಾಗಿದೆಯಾ?

ಹೆದರಿಕೆಗೆ ಮೊದಲನೆಯದು. ಕಥೆಗೆ, ಬಣ್ಣಕ್ಕೆ, ಚಕ್ಕಿಯ ಪಾತ್ರಕ್ಕೆ ಇದು. ತಪ್ಪುಗಳು ಇಲ್ಲ ಅಂತಲ್ಲ. ಗ್ರೇಸ್‌ಳ ಸಾವಿನ ದೃಶ್ಯ ಅವಸರದ್ದು. ಅಷ್ಟು ದೊಡ್ಡ ಫ್ಯಾಕ್ಟರಿಯಲ್ಲಿ ಯಂತ್ರಗಳೆಲ್ಲ ಓಡುತ್ತಿದ್ದರೂ ಒಬ್ಬನೇ ಕೆಲಸಗಾರ ಕಾಣುವುದು ವಿಚಿತ್ರ.

ಉಳಿದ ಭಾಗಗಳನ್ನು ಯಾವ ಕ್ರಮದಲ್ಲಿ ನೋಡಲಿ?

ಬಂದ ಕ್ರಮದಲ್ಲೇ ನೋಡಿ. ಮೂರನೆಯದು 1991, ‘ಬ್ರೈಡ್ ಆಫ್ ಚಕ್ಕಿ’ 1998, ‘ಸೀಡ್ ಆಫ್ ಚಕ್ಕಿ’ 2004, ‘ಕರ್ಸ್ ಆಫ್ ಚಕ್ಕಿ’ 2013, ‘ಕಲ್ಟ್ ಆಫ್ ಚಕ್ಕಿ’ 2017, ಆಮೇಲೆ 2021ರಿಂದ 2024ರವರೆಗಿನ ಟಿವಿ ಸರಣಿ. ಎರಡು ಮುಗಿದ ಒಂಬತ್ತೇ ತಿಂಗಳಿಗೆ ಮೂರು ಬಂತು, ಅವಸರ ಎದ್ದು ಕಾಣುತ್ತದೆ. ಟೈಮ್ ಇಲ್ಲದಿದ್ದರೆ ಅದನ್ನು ಹಾರಿಸಿ ‘ಬ್ರೈಡ್’ಗೆ ಹೋಗಿ, ನಟಿ ಜೆನ್ನಿಫರ್ ಟಿಲ್ಲಿ ಬಂದ ಮೇಲೆ ಸರಣಿಯ ದಾರಿಯೇ ಬೇರೆ. ‘ಸೀಡ್’ ಎಲ್ಲರಿಗೂ ಹಿಡಿಸುವುದಿಲ್ಲ. ‘ಕರ್ಸ್’ ಮತ್ತೆ ಹಳೆಯ ಹೆದರಿಕೆಗೆ ಮರಳುತ್ತದೆ, ಅದರಲ್ಲಿ ನಾಯಕಿ ಬ್ರಾಡ್ ಡೂರಿಫ್ ಅವರ ಮಗಳು ಫಿಯೋನಾ.

ಹೆಸರುಗಳೆಲ್ಲ ಮುಗಿಯುವವರೆಗೆ ಕೂರಬೇಕಾ?

ಎರಡನೇ ಭಾಗಕ್ಕೆ ಬೇಕಿಲ್ಲ, ಕೊನೆಯಲ್ಲಿ ಏನೂ ಬಚ್ಚಿಟ್ಟಿಲ್ಲ. ಅಮೆರಿಕದ ಟಿವಿಯಲ್ಲಿ ಹಾಕಿದ ಆವೃತ್ತಿಯಲ್ಲಿ ಮಾತ್ರ ಒಂದು ಚೂರು ಹೆಚ್ಚಿಗೆ ಇದೆ: ಚಕ್ಕಿಯ ಸಿಡಿದ ತಲೆಯ ತುಣುಕು ಕರಗಿದ ಪ್ಲಾಸ್ಟಿಕ್ಕಿಗೆ ಬಿದ್ದು, ಅದರಿಂದ ಹೊಸ ಗೊಂಬೆಯ ಮುಖ ಅಚ್ಚಾಗುತ್ತದೆ. ಥಿಯೇಟರ್ ಆವೃತ್ತಿಯಲ್ಲಿ ಅದು ಇಲ್ಲ. ‘ಕರ್ಸ್’ ಮತ್ತು ‘ಕಲ್ಟ್’ ನೋಡುವಾಗ ಮಾತ್ರ ಎದ್ದು ಹೋಗಬೇಡಿ. ‘ಕರ್ಸ್’ ಕೊನೆಗೆ ಆಂಡಿ, ‘ಕಲ್ಟ್’ ಕೊನೆಗೆ ಕೈಲ್ ಬರುತ್ತಾರೆ.